ಶಾಖೆಯ ಹೆಸರುಗಳು ಯಾರ ಸುಪರ್ದಿಯಲ್ಲಿ?

ಕಳೆದ ಮಳೆಗಾಲದಲ್ಲಿ ಗೆಳೆಯನೊಬ್ಬ ಫೋನ್ ಮಾಡಿದ. ಅವನು ಕೆಲಸ ಮಾಡುವ ಸಂಸ್ಥೆಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಅವನಿರುವುದು ಉತ್ತರದ ಜಿಲ್ಲೆಯೊಂದರ ಶಾಖೆಯಲ್ಲಿ. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದರು. ಇಂಟರ್ನೆಟ್ ಇಲ್ಲವೆಂಬುದು ಅವನ ದೂರಾಗಿರಲಿಲ್ಲ. "ಪ್ರಿಂಟರ್ ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿದೆ. ಕಡತಗಳ ಸರ್ವರ್ ಪಕ್ಕದ ಕೋಣೆಯಲ್ಲಿದೆ. ಎರಡೂ ಚಾಲೂ ಇವೆ. ಆದರೆ ಅವು ಎಲ್ಲಿವೆ ಅಂತ ನನ್ನ ಕಂಪ್ಯೂಟರಿಗೆ ಗೊತ್ತಿಲ್ಲವಂತೆ!"

ಕಾರಣ ಸರಳವಾಗಿತ್ತು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸವೆಂಬ ಅಂಕಿಗಳಿಂದ. ನಾವು ಬಳಸುವುದು ಹೆಸರುಗಳನ್ನು. ಹೆಸರು ಕೊಟ್ಟರೆ ಅಂಕಿ ಹೇಳುವ ವ್ಯವಸ್ಥೆಗೆ ಡೊಮೇನ್ ನೇಮ್ ಸಿಸ್ಟಂ, ಚಿಕ್ಕದಾಗಿ ಡಿಎನ್‌ಎಸ್, ಎನ್ನುತ್ತಾರೆ. ಆ ಶಾಖೆಯ ಯಂತ್ರಗಳ ಹೆಸರುಗಳನ್ನೆಲ್ಲ ಬರೆದಿಟ್ಟಿದ್ದ ಡಿಎನ್‌ಎಸ್ ಸರ್ವರ್ ಶಾಖೆಯಲ್ಲಿರಲಿಲ್ಲ, ಬೆಂಗಳೂರಿನಲ್ಲಿತ್ತು. ಪಕ್ಕದ ಕೋಣೆಗೆ ಹೋಗಲು ರಾಜಧಾನಿಯಲ್ಲಿ ದಾರಿ ಕೇಳಬೇಕಾದ ಪರಿಸ್ಥಿತಿ.

ನಾನು ಎಂಜಿನಿಯರ್ ಅಲ್ಲ, ಇತಿಹಾಸದ ವಿದ್ಯಾರ್ಥಿ. ದಾಖಲೆಗಳನ್ನು ಯಾರು ಇಟ್ಟುಕೊಳ್ಳುತ್ತಾರೆ, ತಿದ್ದುವ ಅಧಿಕಾರ ಯಾರಿಗಿರುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಅದರ ಒಂದು ಅಧ್ಯಾಯ ಇಂಟರ್ನೆಟ್ಟಿನ ಹೆಸರುಗಳ ಕುರಿತದ್ದು. ಗೆಳೆಯ ನನಗೆ ಫೋನ್ ಮಾಡಿದ್ದು ಆ ಕಾರಣಕ್ಕೆ. ಅವನು ಅಷ್ಟರಲ್ಲಿ ಒಂದು ತಾತ್ಕಾಲಿಕ ಉಪಾಯ ಮಾಡಿದ್ದ. ಪ್ರತಿ ಕಂಪ್ಯೂಟರಿನೊಳಗೂ 'ಹೋಸ್ಟ್ಸ್' ಎಂಬ ಪುಟ್ಟ ಕಡತವೊಂದು ಇಂದಿಗೂ ಇರುತ್ತದೆ. ಅದರಲ್ಲಿ ಹೆಸರು ಮತ್ತು ವಿಳಾಸ ಬರೆದರೆ ಆ ಯಂತ್ರ ಬೇರೆ ಯಾರನ್ನೂ ಕೇಳುವುದಿಲ್ಲ. ಶಾಖೆಯ ಒಂಬತ್ತು ಯಂತ್ರಗಳಲ್ಲೂ ಅವನು ಕೈಯಾರೆ ಪಟ್ಟಿ ಬರೆದಿದ್ದ. ಎರಡು ವಾರದ ನಂತರ ಸರ್ವರಿನ ವಿಳಾಸ ಬದಲಾಯಿತು. ಆರು ಯಂತ್ರಗಳಲ್ಲಿ ತಿದ್ದಿದ, ಮೂರನ್ನು ಮರೆತ. ಆ ಮೂರು ಮೇಜುಗಳ ಮುಂದೆ ಕುಳಿತವರು ಅವನನ್ನು ಬೈಯತೊಡಗಿದರು.

ಇದನ್ನು ಕೇಳಿ ನನಗೆ ನಗು ಬಂತು. ಅವನು ತನಗೆ ಗೊತ್ತಿಲ್ಲದೆಯೇ 1971ನೇ ಇಸವಿಯನ್ನು ಮತ್ತೆ ಬದುಕುತ್ತಿದ್ದ.

ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಶುರುವಾದದ್ದು 1969ರಲ್ಲಿ, ಅಮೆರಿಕದಲ್ಲಿ. ಮೊದಲ ವರ್ಷಗಳಲ್ಲಿ ಅದಕ್ಕೆ ಸೇರಿದ ಪ್ರತಿ ಸಂಸ್ಥೆಯೂ ಉಳಿದ ಯಂತ್ರಗಳಿಗೆ ತನಗೆ ತೋಚಿದ ಅಡ್ಡಹೆಸರು ಇಟ್ಟುಕೊಂಡಿತ್ತು. ಒಂದೇ ಯಂತ್ರಕ್ಕೆ ಒಂದೊಂದು ಊರಲ್ಲಿ ಒಂದೊಂದು ಹೆಸರು. 1971ರ ಸೆಪ್ಟೆಂಬರಿನಲ್ಲಿ ಮೈಟರ್ ಸಂಸ್ಥೆಯ ಪೆಗ್ಗಿ ಕಾರ್ಪ್, ಎಲ್ಲರೂ ಒಂದೇ ಹೆಸರು ಬಳಸೋಣ ಎಂದು ಚಿಕ್ಕದೊಂದು ಪಟ್ಟಿಯನ್ನು ಪ್ರಕಟಿಸಿದರು. ಆದರೆ ಆ ಪಟ್ಟಿಯನ್ನು ಪ್ರತಿ ಊರಿನವರೂ ಪ್ರತ್ಯೇಕವಾಗಿ ನಕಲು ಮಾಡಿ ಇಟ್ಟುಕೊಳ್ಳಬೇಕಿತ್ತು. ಎರಡು ವರ್ಷದ ನಂತರ, 1973ರ ಡಿಸೆಂಬರಿನಲ್ಲಿ, ಪೀಟರ್ ಡಾಯ್ಚ್ ಎಂಬವರು ಇದೆಂಥ ಅಸಂಬದ್ಧ ಎಂದು ಬೇಸರದಿಂದ ಬರೆದರು. ಪ್ರತಿಯೊಬ್ಬರ ಬಳಿಯೂ ಬೇರೆಬೇರೆ ಪಟ್ಟಿ, ಎಲ್ಲವೂ ಹಳತಾದದ್ದು. ಒಂದೇ ಕಡೆ ಒಂದೇ ಕಡತವಿರಲಿ, ಎಲ್ಲರೂ ಅಲ್ಲಿಂದಲೇ ಪಡೆಯಲಿ ಎಂಬುದು ಅವರ ಸಲಹೆ. 1974ರಲ್ಲಿ ಅದು ಜಾರಿಗೆ ಬಂತು. ಕಡತದ ಹೆಸರು ಹೋಸ್ಟ್ಸ್.ಟಿಎಕ್ಸ್‌ಟಿ. ನನ್ನ ಗೆಳೆಯ ಒಂಬತ್ತು ಬಾರಿ ಬರೆದ ಕಡತ ಅದರದೇ ವಂಶದ್ದು.

ಆ ಕಡತವನ್ನು ಕಾಯುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ನೆಟ್‌ವರ್ಕ್ ಮಾಹಿತಿ ಕೇಂದ್ರ. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಇವರ ಕಥೆ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಸ್ವಲ್ಪ ಆಪ್ತ, ಸ್ವಲ್ಪ ಭಯ. ಅವರು ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದವರು. ಒಂದಷ್ಟು ಹಣ ಸಂಪಾದಿಸಿಕೊಂಡು ಬರೋಣವೆಂದು ರಸಾಯನಶಾಸ್ತ್ರದ ಬರಹಗಳನ್ನು ಸೂಚೀಕರಿಸುವ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಸೇರಿದರು. ಅಪಾರ ಮಾಹಿತಿಯನ್ನು ಹೊಂದಿಸಿಡುವ ಸಮಸ್ಯೆಯೇ ಅವರನ್ನು ಹಿಡಿದುಕೊಂಡಿತು. ಪ್ರಬಂಧ ಮುಗಿಸಲು ಅವರು ಹಿಂದಿರುಗಲಿಲ್ಲ.

ಅರ್ಪಾನೆಟ್ಟಿಗೆ ಹೊಸ ಯಂತ್ರ ಸೇರಿಸುವವರು ಕಚೇರಿಯ ವೇಳೆಯಲ್ಲಿ ಫೈನ್ಲರ್ ಅವರ ಕೇಂದ್ರವನ್ನು ಸಂಪರ್ಕಿಸಬೇಕಿತ್ತು. ಹೆಸರು ಈಗಾಗಲೇ ಬೇರೆಯವರಿಗೆ ಹೋಗಿದ್ದರೆ ಇನ್ನೊಂದು ಹುಡುಕಬೇಕಿತ್ತು. ವಾರಕ್ಕೊಮ್ಮೆಯೋ ಎರಡು ಬಾರಿಯೋ ಹೊಸ ಪಟ್ಟಿ ಹೊರಬರುತ್ತಿತ್ತು. ಯಂತ್ರಗಳು ಕಡಿಮೆ ಇದ್ದಾಗ ಇದು ಚೆನ್ನಾಗಿಯೇ ನಡೆಯಿತು. 1981ರ ಆಗಸ್ಟಿನಲ್ಲಿ ಯಂತ್ರಗಳ ಸಂಖ್ಯೆ 213, ಎರಡು ವರ್ಷದ ನಂತರ 562. ಇಲ್ಲೊಂದು ಲೆಕ್ಕವಿದೆ. ಇನ್ನೂರು ಯಂತ್ರಗಳಿದ್ದರೆ ಪಟ್ಟಿಯಲ್ಲಿ ಇನ್ನೂರು ಸಾಲು. ಆ ಇನ್ನೂರು ಸಾಲನ್ನು ಇನ್ನೂರು ಯಂತ್ರಗಳೂ ತರಿಸಿಕೊಳ್ಳಬೇಕು. ಒಟ್ಟು 40,000 ಸಾಲು. ಯಂತ್ರಗಳು ಹತ್ತು ಪಟ್ಟಾಗಿ ಎರಡು ಸಾವಿರವಾದರೆ ಸಾಗಬೇಕಾದದ್ದು 40 ಲಕ್ಷ ಸಾಲು, ಅಂದರೆ ನೂರು ಪಟ್ಟು.

ಆದರೆ ಲೆಕ್ಕಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ವಿಶ್ವವಿದ್ಯಾಲಯಗಳು ತಮ್ಮ ಆವರಣದೊಳಗೇ ಹತ್ತಾರು ಯಂತ್ರಗಳ ಸ್ಥಳೀಯ ಜಾಲ ಕಟ್ಟತೊಡಗಿದ್ದವು. ಆ ಯಂತ್ರಗಳ ಹೆಸರು, ವಿಳಾಸಗಳನ್ನು ನೋಡಿಕೊಳ್ಳುತ್ತಿದ್ದವರು ಅಲ್ಲಿಯವರೇ. ಆದರೂ ಅವರು ಮಾಡಿದ ಬದಲಾವಣೆ ಹೊರಗಿನವರಿಗೆ ಕಾಣಬೇಕಾದರೆ ಮೆನ್ಲೋ ಪಾರ್ಕಿನ ಕಡತ ಬದಲಾಗುವವರೆಗೆ ಕಾಯಬೇಕಿತ್ತು. ಡಿಎನ್‌ಎಸ್ ಏಕೆ ಬೇಕಾಯಿತೆಂದು ವಿವರಿಸುವ 1987ರ ಮೂಲ ದಾಖಲೆಯಲ್ಲಿ ಈ ಕಾರಣವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಅದನ್ನು ಮೊದಲು ಓದಿದಾಗ ನಾನು ಸಲೀಸಾಗಿ ದಾಟಿ ಹೋಗಿದ್ದೆ. ಗೆಳೆಯನ ಫೋನ್ ಬಂದ ಮೇಲೆ ಮತ್ತೆ ತೆರೆದು ಓದಿದೆ. ಅದು ಶಾಖೆಯೊಂದರ ದೂರಿನಂತೆಯೇ ಕಂಡಿತು.

ಪರಿಹಾರ ಬಂದದ್ದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಿಂದ. ಅಲ್ಲಿದ್ದ ಜಾನ್ ಪೋಸ್ಟಲ್ ಅವರ ಮುಂದೆ ಹಲವು ಪ್ರಸ್ತಾಪಗಳಿದ್ದವು. ಅವುಗಳ ನಡುವೆ ಒಂದು ರಾಜಿ ಹುಡುಕು ಎಂದು ಅವರು ಪಾಲ್ ಮೊಕಪೆಟ್ರಿಸ್‌ಗೆ ಹೇಳಿದರು. ಮೊಕಪೆಟ್ರಿಸ್ ರಾಜಿ ಮಾಡಿಸುವುದು ಬಿಟ್ಟು ತನ್ನದೇ ವಿನ್ಯಾಸ ಮಾಡಿದರು. 1983ರ ನವೆಂಬರಿನಲ್ಲಿ ಅದು ಪ್ರಕಟವಾಯಿತು.

ಅದರ ತಿರುಳು ಎರಡು ಮಾತು. ಮೊದಲನೆಯದು ವಹಿಸಿಕೊಡುವುದು. ಹೆಸರುಗಳ ಲೋಕವನ್ನು ಮರದಂತೆ ಕಲ್ಪಿಸಿಕೊಂಡು, ಒಂದೊಂದು ಕೊಂಬೆಯನ್ನು ಅಲ್ಲಿಯವರಿಗೇ ಒಪ್ಪಿಸಿಬಿಡುವುದು. ಮೇಲಿನವರು ಕೆಳಗಿನ ಯಂತ್ರಗಳ ಹೆಸರನ್ನು ತಿಳಿದಿರಬೇಕಿಲ್ಲ. ಆ ಕೊಂಬೆಯ ಬಗ್ಗೆ ಯಾರನ್ನು ಕೇಳಬೇಕೆಂದು ತಿಳಿದಿದ್ದರೆ ಸಾಕು. ಎರಡನೆಯದು ನೆನಪು. ಒಮ್ಮೆ ಕೇಳಿ ತಿಳಿದ ಉತ್ತರವನ್ನು ಸರ್ವರ್ ಸ್ವಲ್ಪ ಕಾಲ ನೆನಪಿಟ್ಟುಕೊಳ್ಳಬಹುದು, ಆದರೆ ಎಷ್ಟು ಕಾಲವೆಂದು ಉತ್ತರ ಕೊಟ್ಟವರೇ ನಮೂದಿಸಿರುತ್ತಾರೆ. ಅವಧಿ ಮುಗಿದರೆ ಮರೆಯಬೇಕು, ಮತ್ತೆ ಕೇಳಬೇಕು. ಇದರ ಜೊತೆಗೊಂದು ಕಟ್ಟಳೆಯೂ ಬಂತು: ಒಪ್ಪಿಸಿಕೊಂಡ ಪ್ರತಿ ಭಾಗದ ಪಟ್ಟಿಯೂ ಕನಿಷ್ಠ ಎರಡು ಸರ್ವರುಗಳಲ್ಲಿರಬೇಕು.

ಬರ್ಕ್ಲಿಯ ವಿದ್ಯಾರ್ಥಿಗಳು ಇದಕ್ಕಾಗಿ 'ಬೈಂಡ್' ಎಂಬ ತಂತ್ರಾಂಶ ಬರೆದರು. 1987ರ ಡಿಸೆಂಬರಿನಲ್ಲಿ ಯಂತ್ರಗಳ ಸಂಖ್ಯೆ 28,174 ಮುಟ್ಟಿತು. ಒಂದೇ ಕಡತವನ್ನು ನೆಚ್ಚಿಕೊಂಡಿದ್ದರೆ ಇದು ಸಾಧ್ಯವಿರಲಿಲ್ಲ.

ಈ ಇತಿಹಾಸವನ್ನೆಲ್ಲ ಹೊತ್ತುಕೊಂಡು ಒಂದು ಶನಿವಾರ ನಾನು ಗೆಳೆಯನ ಶಾಖೆಗೆ ಹೋದೆ. ಮುಖ್ಯ ಕಚೇರಿಯ ತಂತ್ರಜ್ಞರು ಮೊದಲು ಸೂಚಿಸಿದ್ದು ಅತ್ಯಂತ ಸುಲಭದ ದಾರಿ: ಶಾಖೆಯಲ್ಲೊಂದು ನೆನಪಿನ ಸರ್ವರ್ ಇಡಿ, ಅದು ಬೆಂಗಳೂರನ್ನು ಕೇಳಿ ಉತ್ತರಗಳನ್ನು ನೆನಪಿಟ್ಟುಕೊಳ್ಳಲಿ. ಆದರೆ ನೆನಪಿಗೆ ಅವಧಿಯಿದೆ. ಸಂಪರ್ಕ ಒಂದು ದಿನ ಕಡಿದರೆ ಅದೂ ಮರೆಯುತ್ತದೆ. ನಾವು ಕೇಳಿದ್ದು ಬೇರೆ. ಸಂಸ್ಥೆಯ ಹೆಸರಿನ ಅಡಿಯಲ್ಲಿ ಶಾಖೆಗೊಂದು ಕೊಂಬೆ ಬೇಕು, ಅದರ ಮೂಲಪಟ್ಟಿ ಶಾಖೆಯಲ್ಲೇ ಇರಬೇಕು. "ಹಾಗಾದರೆ ನಾಳೆ ಎಲ್ಲ ಶಾಖೆಯವರೂ ಕೇಳುತ್ತಾರೆ" ಎಂದರು ಆ ಕಡೆಯವರು. ಕೇಳಲಿ ಎಂದೇ 1983ರ ವಿನ್ಯಾಸ ಇರುವುದು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಗೆಳೆಯ ಒಂದು ಗಂಟೆ ಸಮಾಧಾನದಿಂದ ಮಾತಾಡಿ ಒಪ್ಪಿಸಿದ.

ಕೊನೆಗೆ ಮಾಡಿದ ಏರ್ಪಾಡು ಹೀಗಿತ್ತು. ಶಾಖೆಯ ಹೆಸರುಗಳಿಗೆ ಶಾಖೆಯ ಸರ್ವರೇ ಒಡೆಯ. ಅದರ ನಕಲು ಬೆಂಗಳೂರಿನಲ್ಲಿರುತ್ತದೆ. ಬೆಂಗಳೂರಿನ ಹೆಸರುಗಳಿಗೆ ಬೆಂಗಳೂರೇ ಒಡೆಯ. ಅದರ ನಕಲು ಶಾಖೆಯಲ್ಲಿರುತ್ತದೆ. ಇವೆರಡರ ಹೊರಗಿನ ಪ್ರಶ್ನೆಗಳು ಬಂದರೆ ಶಾಖೆಯ ಸರ್ವರ್ ಮುಂದಕ್ಕೆ ರವಾನಿಸುತ್ತದೆ. ಶಾಖೆಯ ಎಲ್ಲ ಯಂತ್ರಗಳೂ ಮೊದಲು ಕೇಳುವುದು ಶಾಖೆಯ ಸರ್ವರನ್ನು. ನಕಲಿಗೂ ಒಂದು ಗಡುವಿರುತ್ತದೆ: ಮೂಲದೊಡನೆ ಅಷ್ಟು ದಿನ ಸಂಪರ್ಕ ಸಿಗದಿದ್ದರೆ ನಕಲು ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ, ಹಳೆಯದನ್ನು ಸತ್ಯವೆಂದು ಹೇಳುತ್ತಾ ಕೂರುವುದಿಲ್ಲ. ನಾವು ಹದಿನಾಲ್ಕು ದಿನ ಇಟ್ಟೆವು.

ನನ್ನದೊಂದು ತಪ್ಪನ್ನೂ ಹೇಳಿಬಿಡಬೇಕು. ಪಟ್ಟಿಯ ತಲೆಭಾಗದಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. ತಿದ್ದಿದಾಗಲೆಲ್ಲ ಅದನ್ನು ಹೆಚ್ಚಿಸಬೇಕು. ನಕಲು ಇಟ್ಟುಕೊಂಡವರು ಪಟ್ಟಿ ಬದಲಾಗಿದೆಯೇ ಎಂದು ತಿಳಿಯುವುದು ಆ ಸಂಖ್ಯೆಯಿಂದಲೇ. ನಾನು ಪ್ರಿಂಟರಿನ ವಿಳಾಸ ತಿದ್ದಿ ಸಂಖ್ಯೆಯನ್ನು ಹಾಗೆಯೇ ಬಿಟ್ಟಿದ್ದೆ. ಎರಡು ದಿನ ಶಾಖೆ ಒಂದು ಹೇಳುತ್ತಿತ್ತು, ಬೆಂಗಳೂರು ಇನ್ನೊಂದು ಹೇಳುತ್ತಿತ್ತು. ಅಧಿಕಾರ ಕೇಳಿ ಪಡೆದವರು ತಾವು ಮಾಡಿದ ಬದಲಾವಣೆಯನ್ನು ಸಾರಿ ಹೇಳುವ ಹೊಣೆಯನ್ನೂ ಹೊರಬೇಕು ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಹಾಗೆಂದು ಈ ವಹಿಸಿಕೊಡುವಿಕೆಯನ್ನು ಸ್ವಾತಂತ್ರ್ಯವೆಂದು ತಿಳಿದರೆ ತಪ್ಪಾದೀತು. ಮರಕ್ಕೆ ಬೇರು ಒಂದೇ. ಕೊಂಬೆ ಕೊಟ್ಟವರು ಕತ್ತರಿಸಲೂಬಹುದು. 1998ರ ಜನವರಿ 28ರಂದು ಪೋಸ್ಟಲ್ ಬೇರಿನ ಸರ್ವರುಗಳನ್ನು ನಡೆಸುತ್ತಿದ್ದವರಲ್ಲಿ ಎಂಟು ಮಂದಿಗೆ ಒಂದು ಇಮೇಲ್ ಕಳಿಸಿ, ಇನ್ನು ಮೂಲಪಟ್ಟಿಯನ್ನು ತಮ್ಮ ಸಂಸ್ಥೆಯ ಯಂತ್ರದಿಂದ ಪಡೆಯಿರಿ ಎಂದರು. ಅವರು ಒಪ್ಪಿದರು. ಅಮೆರಿಕ ಸರ್ಕಾರ ಮಧ್ಯೆ ಪ್ರವೇಶಿಸಿತು, ಪೋಸ್ಟಲ್ ಅದನ್ನು ಪರೀಕ್ಷೆಯೆಂದು ಕರೆದು ಹಿಂದೆ ಸರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೆಸರುಗಳ ಮೇಲ್ವಿಚಾರಣೆಗೆ 'ಐಕ್ಯಾನ್' ಹುಟ್ಟಿತು. ಅಕ್ಟೋಬರಿನಲ್ಲಿ ಪೋಸ್ಟಲ್ ತೀರಿಕೊಂಡರು. ಇಷ್ಟು ದೊಡ್ಡ ಹಂಚಿಕೆಯ ವ್ಯವಸ್ಥೆಯ ತುದಿಯಲ್ಲಿ ಒಂದೇ ಒಂದು ಕಡತವಿದೆ ಎಂಬುದು ಆ ದಿನ ಎಲ್ಲರಿಗೂ ಕಂಡಿತು.

ಬೇರಿನ ನೆನಪು ನಮ್ಮ ಶಾಖೆಗೂ ಒಂದು ಸಣ್ಣ ಪ್ರಶ್ನೆಯ ರೂಪದಲ್ಲಿ ಬಂತು. ಯಂತ್ರಗಳಿಗೆ ಹೆಸರಿಡುವಾಗ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು "ಕನ್ನಡದಲ್ಲಿ ಬರೆಯಬಹುದಾ?" ಎಂದು ಕೇಳಿದರು. ಯಂತ್ರದ ಹೆಸರಿನಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಒಂದು ಅಡ್ಡಗೆರೆ ಮಾತ್ರ ಇರಬೇಕೆಂಬ ರೂಢಿ ಫೈನ್ಲರ್ ಅವರ ಕಡತದ ಕಾಲದ್ದು. 2003ರಲ್ಲಿ ಬಂದ ನಿಯಮದಿಂದ ಬೇರೆ ಲಿಪಿಗಳಿಗೂ ದಾರಿ ತೆರೆಯಿತು. ಇಂದು '.ಭಾರತ' ಎಂದು ಕನ್ನಡದಲ್ಲೇ ಕೊನೆಯಾಗುವ ಹೆಸರುಗಳಿವೆ. ಆದರೆ ತಂತಿಯಲ್ಲಿ ಅವು ಸಾಗುವುದು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ. ನಾವು ಕೊನೆಗೆ ಸರ್ವರಿಗೆ 'ಕಡತ' ಎಂದು, ಪ್ರಿಂಟರಿಗೆ 'ಅಚ್ಚು' ಎಂದು ಹೆಸರಿಟ್ಟೆವು. ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ.

ಎಲ್ಲ ಮುಗಿದ ಮೇಲೆ ಗೆಳೆಯ ಒಂದು ಪರೀಕ್ಷೆ ಮಾಡಿದ. ಬೆಂಗಳೂರಿಗೆ ಹೋಗುವ ಕೇಬಲನ್ನು ತಾನೇ ಕೈಯಾರೆ ಕಿತ್ತ. ಒಂಬತ್ತೂ ಯಂತ್ರಗಳ 'ಹೋಸ್ಟ್ಸ್' ಕಡತದಲ್ಲಿ ತಾನು ಬರೆದಿದ್ದ ಸಾಲುಗಳನ್ನು ಅವನು ಅಳಿಸಿಯಾಗಿತ್ತು. ಆ ಹಿರಿಯರು ತಮ್ಮ ಮೇಜಿನಿಂದ ಒಂದು ಹಾಳೆ ಮುದ್ರಿಸಲು ಕೊಟ್ಟರು. ಹತ್ತು ಹೆಜ್ಜೆ ದೂರದಲ್ಲಿ ಅಚ್ಚು ಗುರ್ರೆಂದು ಎದ್ದು ಹಾಳೆಯನ್ನು ಹೊರಗೆ ತಳ್ಳಿತು.