ಕಿರುಮಾದರಿಯ ಪಾಠಶೋಧನೆ

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಲನಚಿತ್ರದ ‘ಮಿಲೇನಿಯಂ ಫಾಲ್ಕನ್’ ಎಂಬ ವ್ಯೋಮನೌಕೆಯನ್ನು ನೀವು ನೋಡಿರಬಹುದು. ಬೆಳ್ಳಿತೆರೆಯಲ್ಲಿ ಮಹಾಗಾತ್ರದ್ದಾಗಿ ತೋರುವ ಅದು ಸುಮಾರು 5 ಅಡಿಯ ಕಿರುಮಾದರಿಯಷ್ಟೆ. ಕ್ಯಾಲಿಫೋರ್ನಿಯದ ಕುಶಲಿಗಳು ಅಂಗಡಿಯಲ್ಲಿ ಸಿಗುತ್ತಿದ್ದ, ಮನೆಯಲ್ಲೇ ಜೋಡಿಸುವ ಪ್ಲಾಸ್ಟಿಕ್ ಟ್ಯಾಂಕು ಮೊದಲಾದವುಗಳ ತುಣುಕುಗಳನ್ನು ಅದರ ಮೈತುಂಬ ಅಂಟಿಸಿದ್ದರು.

ಅದರ ಯಥಾವತ್ತಾದ ಪಡಿಯಚ್ಚು ಮಾಡಹೊರಟವನು ಛಾಯಾಚಿತ್ರಗಳನ್ನು ಹೋಲಿಸಿ, ಯಾವ ತುಣುಕು ಯಾವ ಪೆಟ್ಟಿಗೆಯದೆಂದು ಗುರುತಿಸಿ, ಆ ಹಳೆಯ ಪೆಟ್ಟಿಗೆಯನ್ನೇ ಹುಡುಕಿ ತರಬೇಕು. ಗುರುತು ಸಿಕ್ಕ ತುಣುಕು ಅವನಿಗೆ ಅಳತೆಗೋಲೂ ಹೌದು. ಅದರ ಉದ್ದ ತಿಳಿದರೆ ಪಕ್ಕದ ಭಾಗಗಳ ಅಳತೆಯೂ ದೊರಕುತ್ತದೆ. ಓಲೆಗರಿಗಳನ್ನು ತಾಳೆ ನೋಡುವ ಪಂಡಿತರಿಗೆ ಇದೇನೂ ಅಪರಿಚಿತ ವಿದ್ಯೆಯಲ್ಲ!

ಇಲ್ಲಿ ಪಾಠಾಂತರವೂ ಉಂಟು. 1980ರ ಮುಂದಿನ ಚಿತ್ರಕ್ಕಾಗಿ ಇದೇ ಮಾದರಿಯನ್ನು ತಿದ್ದಿ, ನೆಲಕ್ಕೂರುವ 3 ಕಾಲುಗಳನ್ನು 5 ಮಾಡಿದರು. ಆದ್ದರಿಂದ 1977ರ ನೌಕೆಯೇ ಬೇಕೆನ್ನುವವನು, ಮೂಲವೇ ಎದುರಿಗಿದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಹಳೆಯ ಛಾಯಾಚಿತ್ರಗಳಿಗೇ ಮರಳಬೇಕು.