ಒಂದು ಬಲ್ಬಿಗೆ ಎಳೆದ ವೈರು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಳೇ ಮನೆಯ ತೊಲೆ ನೋಡಿದ್ರೆ ಸಾಕು, ಆ ಮನೆಗೆ ಯಾವ ಕಾಲದಲ್ಲಿ ವೈರಿಂಗ್ ಆಯ್ತು ಅಂತ ಹೇಳ್ಬಹುದು. ಮರದ ಪಟ್ಟಿ ಹೊಡೆದು ತಗಡಿನ ಕ್ಲಿಪ್ಪಲ್ಲಿ ವೈರು ಹಿಡಿಸಿದ್ರೆ ಅದು ಒಂದು ಕಾಲ. ಗೋಡೆ ಮೇಲೆ ಪ್ಲಾಸ್ಟಿಕ್ ಪೈಪು ಹೋಗಿದ್ರೆ ಇನ್ನೊಂದು ಕಾಲ. ಏನೂ ಕಾಣದೆ ಎಲ್ಲಾ ಗೋಡೆ ಒಳಗೇ ಇದ್ರೆ ಈಗಿನ ಕಾಲ. ನಮ್ಮ ಬಳಗದಲ್ಲೇ ಮೂರ್ನಾಲ್ಕು ಜನ ಹಳೇ ವೈರು ಕಿತ್ತು ಹೊಸದು ಹಾಕ್ಸೋರು ಇದೀರಿ. ಯಾವ ವೈರು ತರೋದು ಅಂತ ಕೇಳ್ತೀರಿ. ಅದನ್ನ ಹೇಳೋಕೆ ಹಳೇ ವೈರಿನ ಕಥೆನೇ ಮೊದ್ಲು ಹೇಳ್ಬೇಕು.

ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿದ್ದು 1902ರಲ್ಲಿ. ಬೆಂಗಳೂರಿಗೆ ಬೀದಿದೀಪ ಬಂದಿದ್ದು 1905ರಲ್ಲಿ. ಹಳ್ಳಿಮನೆಗಳ ಬುಡ್ಡಿದೀಪ ಆರೋಕೆ ಇನ್ನೂ ಬಹಳ ವರ್ಷ ಬೇಕಾಯ್ತು. 1957ರಲ್ಲಿ ವಿದ್ಯುತ್ ಮಂಡಳಿ ಆಯ್ತು, 1960ರ ದಶಕದಲ್ಲಿ ಶರಾವತಿ ಕರೆಂಟು ಬಂತು. ಈಗ ಬಿಲ್ಲು ಕೊಡೋದು ಬೆಸ್ಕಾಂ ಆದ್ರೂ ನಮ್ಮ ಬಾಯಲ್ಲಿ ಇನ್ನೂ ಕೆಇಬಿನೇ.

ಆಗಿನ ವೈರಿಗೆ ಒಳಗೆ ತಾಮ್ರ, ಅದರ ಮೇಲೆ ರಬ್ಬರು, ಮೇಲೆ ನೂಲಿನ ಹೆಣಿಗೆ. ರಬ್ಬರಲ್ಲಿರೋ ಗಂಧಕ ತಾಮ್ರ ತಿನ್ನಬಾರ್ದು ಅಂತ ತಾಮ್ರಕ್ಕೆ ತವರದ ಕಲಾಯಿ ಮಾಡ್ತಿದ್ರು, ನಾವು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ಸೋ ಹಂಗೇ. ಅಳತೆ ಹೇಳ್ತಿದ್ದಿದ್ದು 3/22, 7/20 ಅಂತ. 7/20 ಅಂದ್ರೆ 20ನೇ ನಂಬರಿನ ಏಳು ಎಳೆ. ನಂಬರು ಹೆಚ್ಚಿದಷ್ಟೂ ಎಳೆ ಸಣ್ಣ. ಹಳೇ ವೈರ್‌ಮನ್‌ಗಳು ಇವತ್ತಿಗೂ ಹಿಂಗೇ ಹೇಳ್ತಾರೆ. ಈ ರಬ್ಬರು ವರ್ಷಗಳು ಕಳೆದಂಗೆ ಬಿಸಿಗೆ ಒಣಗಿ, ಹಪ್ಪಳದಂಗೆ ಪುಡಿಪುಡಿ ಆಗ್ತದೆ.

ಆಮೇಲೆ ತಾಮ್ರಕ್ಕೆ ಅಭಾವ ಬಂತು. ತಾಮ್ರ ಹೊರದೇಶದಿಂದ ತರಿಸ್ಬೇಕಾಗಿದ್ರಿಂದ ಅಲ್ಯುಮಿನಿಯಂ ವೈರು ಮನೆಮನೆಗೂ ಬಂತು. ಬೆಲೆ ಕಮ್ಮಿ ನಿಜ. ಆದ್ರೆ ಅದು ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಸ್ವಿಚ್ಚಿನ ಸ್ಕ್ರೂ ಹತ್ರ ಸಡಿಲ ಆಗ್ತದೆ. ಸಡಿಲ ಆದ ಕಡೆ ಬೋರ್ಡು ಕಪ್ಪಗೆ ಸುಟ್ಟಿರೋದನ್ನ ನೀವೂ ನೋಡಿರ್ತೀರಿ. ಅದಕ್ಕೆ ತಾಮ್ರದ ವೈರು ಸುಮ್ನೆ ಹೊಸೆದು ಕಟ್ಟಿದ್ರೆ ಇನ್ನೂ ಕೆಟ್ಟದು.

ಇಷ್ಟೆಲ್ಲಾ ಬದಲಾದ್ರೂ ಯಾರೂ ಲೆಕ್ಕ ಹಾಕದೇ ಹೋಗಿದ್ದು ನಮ್ಮ ಅಡುಗೆಮನೆ. ಮೊದಲಿನ ವೈರು ಎಳೆದಿದ್ದು ಬಲ್ಬಿಗೆ. 60 ವ್ಯಾಟಿನ ಬಲ್ಬು ಎಳೆಯೋದು ಕಾಲು ಆಂಪಿಯರ್. ಒರಳು ಹೋಗಿ ಗ್ರೈಂಡರ್ ಬಂತು, ಮಿಕ್ಸಿ ಬಂತು, ಫ್ರಿಜ್ಜು ಬಂತು, ಬಚ್ಚಲ ಹಂಡೆ ಬದಲು ಗೀಸರ್ ಬಂತು. 2000 ವ್ಯಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೀತದೆ, 33 ಬಲ್ಬು ಒಟ್ಟಿಗೆ ಹಾಕ್ದಂಗೆ. ಎಷ್ಟೋ ಮನೇಲಿ ಹೊರೆ ಮಾತ್ರ ಬದಲಾಯ್ತು, ವೈರು ಅದೇ ಉಳೀತು. ಫ್ಯೂಸು ಹೋದಾಗೆಲ್ಲಾ ದಪ್ಪ ತಂತಿ ಸುತ್ತಿ ಸುಮ್ನಾದ್ರು.

ನಮ್ಮ ಕಡೆ ಮನೆಗಳಿಗೆ ಇನ್ನೊಂದು ಭಯ ಐತೆ. ಉಂಡೆ ಕೊಬ್ಬರಿ ಆಗೋಕೆ ಕಾಯಿ ವರ್ಷದ ಹತ್ತಿರತ್ತಿರ ಅಟ್ಟದಲ್ಲೇ ಇರ್ಬೇಕು. ಎಣ್ಣೆ ತುಂಬಿದ ಕೊಬ್ಬರಿ, ಒಣಗಿದ ಸಿಪ್ಪೆ, ಜೊತೆಗೆ ಇಲಿ. ಅದರ ಮಧ್ಯ ಹಪ್ಪಳದಂಥಾ ವೈರು ಹೋಗಿದ್ರೆ ವರ್ಷದ ದುಡಿಮೆ, ಮನೆ, ಮಂದಿ ಎಲ್ಲಾ ಒಂದು ಕಿಡಿಗೆ ಸಿಕ್ಕಂಗೆ. ಅಟ್ಟದಲ್ಲಿ ಬಿಡಿ ವೈರು ಬೇಡ, ಗಂಟು ಹಾಕಿದ ವೈರಂತೂ ಬೇಡವೇ ಬೇಡ. ಪೈಪಿನೊಳಗೇ ಹೋಗ್ಲಿ.

ಈಗ ತರೋದಾದ್ರೆ ತಾಮ್ರದ್ದೇ ತನ್ನಿ. ಬೆಂಕಿ ಹರಡದ ಎಫ್‌ಆರ್ ವೈರು, ಐಎಸ್‌ಐ ಗುರುತು, ಐಎಸ್ 694 ಅಂತ ಬರೆದಿರೋದು ನೋಡಿ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್. ಅಡುಗೆಮನೆ ಪ್ಲಗ್ಗಿಗೆ, ಗೀಸರಿಗೆ 2.5, ಗೀಸರಿಗೆ ಬೇರೆ ಲೈನೇ ಇರ್ಲಿ. ಎಸಿ ಇದ್ರೆ 4. ಹಸಿರು ಅರ್ತ್ ವೈರು ಎಲ್ಲಾ ಪ್ಲಗ್ಗಿಗೂ ಹೋಗ್ಲಿ. ಎಂಸಿಬಿ ಇರೋದು ವೈರು ಕಾಯೋಕೆ, ಪದೇ ಪದೇ ಬೀಳ್ತದೆ ಅಂತ ದೊಡ್ಡದು ಹಾಕ್ಸಬೇಡಿ.

ವ್ಯಾನಿನೊಳಗೇ ಹಾಸಿಗೆ, ದೀಪ, ಫ್ರಿಜ್ಜು ಮಾಡ್ಕೊಂಡು ಊರೂರು ಸುತ್ತೋ ಹುಡುಗ್ರು ಈಗ ಅವ್ರೆ. ಮನೇಲಿ ಉಳಿದ ವೈರು ಕೇಳಿದ್ರೆ ಹಂಗೇ ಕೊಟ್ಬಿಡಬೇಡಿ. ಬ್ಯಾಟರಿ 12 ವೋಲ್ಟಿಂದು. ಅದೇ 60 ವ್ಯಾಟಿಗೆ ಅಲ್ಲಿ ಕಾಲು ಆಂಪಿಯರ್ ಅಲ್ಲ, 5 ಆಂಪಿಯರ್ ಹರೀತದೆ. ಅದಕ್ಕೆ ವೈರು ದಪ್ಪ ಬೇಕು, ಗಾಡಿ ಕುಲುಕಾಟಕ್ಕೆ ತುಂಡಾಗದಂಗೆ ಸಣ್ಣ ಸಣ್ಣ ಎಳೆ ಬಹಳ ಇರೋದು ಬೇಕು.

ಮನೆಗಾಗ್ಲಿ ವ್ಯಾನಿಗಾಗ್ಲಿ ಹೊರೆ ನೋಡಿ ವೈರು. ಆ ಹೊರೆ ಯಾವ ಮೂಲೇಲಿ, ಯಾವ ಹೊತ್ತಲ್ಲಿ, ಏನೇನು ಒಟ್ಟಿಗೆ ಓಡ್ತದೆ ಅಂತ ಗೊತ್ತಿರೋದು ನಮಗೆ. ವೈರ್‌ಮನ್ ಗೋಡೆಗೆ ಉಳಿ ಇಡೋಕೆ ಮುಂಚೆ ಒಂದು ಚೀಟಿ ಬರೆದು ಕೈಗೆ ಕೊಡಿ.