ಕ್ಲಾಸ್ ಇಲ್ಲದ ಆಬ್ಜೆಕ್ಟ್: ಒಂದು ತಪ್ಪು ಉತ್ತರದ ಹಿಂದಿನ ಚರಿತ್ರೆ

ನಾನು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು. ಗಡಿನಾಡಿನ ಗೋಷ್ಠಿಯಲ್ಲಿ ಪ್ರೋಗ್ರಾಮಿಂಗ್ ಯಾಕೆ ಅಂತ ನಿಮಗೆ ಅನಿಸಬಹುದು. ಕಾರಣ ಒಂದು ಪ್ರಶ್ನೆ. ಹುಡುಗನೊಬ್ಬ ಕೇಳಿದ್ದ: “ಟೀಚರೇ, ಕ್ಲಾಸ್ ಇಲ್ಲದೆ ಆಬ್ಜೆಕ್ಟ್ ಇರ್ಲಿಕ್ಕೆ ಆಗ್ತದಾ?” ಆಗುವುದಿಲ್ಲ ಎಂದೆ. ನಾನು ಕಲಿತದ್ದೂ ಹಾಗೆಯೇ: ಕ್ಲಾಸ್ ಎಂದರೆ ಅಚ್ಚು, ಆಬ್ಜೆಕ್ಟ್ ಎಂದರೆ ಅದರಿಂದ ತೆಗೆದ ಇಟ್ಟಿಗೆ. ಆ ಉತ್ತರ ತಪ್ಪು. ಇಂಗ್ಲಿಷ್ ಪುಸ್ತಕ ತೆರೆದು ನೋಡಲಾಗದ ಮಗುವಿಗೆ ಟೀಚರ ಮಾತೇ ಕೊನೆಯಲ್ವಾ? ಹಾಗಾಗಿ ಇದನ್ನು ಸಣ್ಣ ತಪ್ಪು ಎನ್ನಲಾರೆ.

ಕ್ಲಾಸ್ ಎಂಬ ಕಲ್ಪನೆ ರೂಪುಗೊಂಡದ್ದು ನಾರ್ವೆಯಲ್ಲಿ, ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಅವರ ಸಿಮುಲಾ 67 ಭಾಷೆಯಲ್ಲಿ. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಕಟ್ಟಿದರು. ಅಲ್ಲೂ ಕ್ಲಾಸ್ ಇತ್ತು. ಆದರೆ ಜೀವಾಳ ಮೆಸೇಜ್. ನೋಡಿ, 3 + 4 ಅಂತ ಬರೆದರೆ 3 ಎಂಬ ಆಬ್ಜೆಕ್ಟ್‌ಗೆ ‘+’ ಎಂಬ ಮೆಸೇಜ್ 4ನ್ನು ಹೊತ್ತುಕೊಂಡು ಹೋಗ್ತದೆ. ಮುಂದೇನು ಎಂಬುದು ಪ್ರೋಗ್ರಾಂ ಓಡುವಾಗ, ಸ್ವೀಕರಿಸಿದ ಆಬ್ಜೆಕ್ಟ್ ಯಾವುದು ಎಂಬುದರ ಮೇಲೆ ತೀರ್ಮಾನವಾಗ್ತದೆ. ಡೈನಾಮಿಕ್ ಅಂದ್ರೆ ಇದೇ. ‘ಆಬ್ಜೆಕ್ಟ್’ ಎಂಬ ಹೆಸರನ್ನು ಬಳಕೆಗೆ ತಂದದ್ದಕ್ಕೆ ಕೇ ಅವರೇ 1998ರಲ್ಲಿ ವಿಷಾದಿಸಿದರು. ಮುಖ್ಯ ವಿಚಾರ ಮೆಸೇಜ್ ಎಂದರು.

ಹಾಗಾದರೆ ಕ್ಲಾಸ್ ಬೇಕೇ? ಡೇವಿಡ್ ಉಂಗರ್ ಮತ್ತು ರಾಂಡಲ್ ಸ್ಮಿತ್ 1987ರಲ್ಲಿ ಪ್ರಬಂಧವಾಗಿ ಮಂಡಿಸಿದ ಸೆಲ್ಫ್ ಭಾಷೆಯಲ್ಲಿ ಅದು ಇಲ್ಲವೇ ಇಲ್ಲ. ಇರುವ ಆಬ್ಜೆಕ್ಟನ್ನು ನಕಲು ಮಾಡಿ ಬೇಕಾದ್ದನ್ನು ಬದಲಿಸುವುದು. ತನ್ನಲ್ಲಿ ಸಿಗದ್ದನ್ನು ಹಿರಿಯ ಆಬ್ಜೆಕ್ಟ್‌ನಲ್ಲಿ ಹುಡುಕುವುದು. ಪ್ರತಿ ಸಲ ಹುಡುಕಿದರೆ ವೇಗ ಹೋಗ್ತದೆ. ಅದಕ್ಕಾಗಿ ಹಿಂದಿನ ಹುಡುಕಾಟದ ಫಲವನ್ನು ಮೆಸೇಜ್ ಕಳಿಸುವ ಜಾಗದಲ್ಲೇ ನೆನಪಿಟ್ಟುಕೊಳ್ಳುವ ಉಪಾಯ ಸ್ಮಾಲ್‌ಟಾಕ್‌ನಲ್ಲಿ ಶುರುವಾಗಿ ಸೆಲ್ಫ್‌ನಲ್ಲಿ ಬೆಳೆಯಿತು. 2008ರಲ್ಲಿ ಬಂದ ಗೂಗಲ್ ಕ್ರೋಮ್‌ನ ವಿ8 ಎಂಜಿನ್ ಹಿಡಿದದ್ದೂ ಇದೇ ದಾರಿ.

1995ರಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಮಾಡುವಾಗ ಈ ಪ್ರೊಟೊಟೈಪ್ ಕ್ರಮವನ್ನು ಸೆಲ್ಫ್‌ನಿಂದ ಪಡೆದರು. ‘ಕ್ಲಾಸ್’ ಎಂದು ಬರೆಯುವ ಸೌಲಭ್ಯ ಅದಕ್ಕೆ ಸೇರಿದ್ದು 2015ರಲ್ಲಿ. ಒಳಗೆ ಈಗಲೂ ನಡೆಯುವುದು ಪ್ರೊಟೊಟೈಪೇ.

ಈಗ ನಾನು ಬ್ರೌಸರ್ ತೆರೆದು, ಕ್ಲಾಸ್ ಬರೆಯದೆಯೇ ‘ಹಸು’ ಎಂಬ ಆಬ್ಜೆಕ್ಟ್ ಮಾಡಿ ತೋರಿಸ್ತೇನೆ. ಅದರ ಮೆಥಡ್ ಹೆಸರು ‘ಕೂಗು’. ಜಾವಾಸ್ಕ್ರಿಪ್ಟ್ ಕನ್ನಡದ ಹೆಸರನ್ನು ಒಪ್ಪುತ್ತದೆ. ಅಚ್ಚು, ಇಟ್ಟಿಗೆ ಆಮೇಲೆ. ಕನ್ನಡದಲ್ಲಿ ಪಾಠ ಬರೆಯುವವರು ಮೊದಲು ಮೆಸೇಜನ್ನು ವಿವರಿಸಬೇಕು ಎಂಬುದೇ ನನ್ನ ವಿನಂತಿ.

ಆ ಹುಡುಗ ಶಾಲೆ ಮುಗಿಸಿ ಹೋಗಿದ್ದಾನೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಹೇಳಿ ಮುಗಿಸ್ತೇನೆ: ಇರ್ಲಿಕ್ಕೆ ಆಗ್ತದೆ.